ಗಡ್ಡೆ ಮೊದಲು, ರಕ್ತ ಆಮೇಲೆ: ಆರ್‌ಬಿ1 ಟೆಸ್ಟಿಂಗ್‌ನಲ್ಲಿ ನನ್ನ ಅನುಭವ

ಮಗುವಿನ ಎರಡೂ ಕಣ್ಣಲ್ಲಿ ರೆಟಿನೋಬ್ಲಾಸ್ಟೋಮಾ, ಅಂದರೆ ರೆಟಿನಾದ ಕ್ಯಾನ್ಸರ್ ಗಡ್ಡೆ, ಆದರೆ ರಕ್ತದಲ್ಲಿ ಆರ್‌ಬಿ1 ನೆಗೆಟಿವ್. ಆರ್‌ಬಿ1 ಅನ್ನೋ ಜೀನ್‌ನ ಎರಡೂ ಕಾಪಿ ಕೆಟ್ಟಾಗಲೇ ಸಾಮಾನ್ಯವಾಗಿ ಈ ಗಡ್ಡೆ ಹುಟ್ಟೋದು. ಇಂಥ ರಿಪೋರ್ಟ್ ಕೊಟ್ಟು ಕೊಟ್ಟು ನನಗೆ ಸಾಕಾಗಿತ್ತು. ಮೊದಲು ಗಡ್ಡೆ ನೋಡೋಣ, ಅಲ್ಲಿ ಎರಡೂ ಕಾಪಿ ಹೇಗೆ ಕೆಟ್ಟಿವೆ ಅಂತ ಹಿಡಿಯೋಣ, ಆಮೇಲೆ ರಕ್ತದಲ್ಲಿ ಅದನ್ನಷ್ಟೇ ಆಳವಾಗಿ ಹುಡುಕೋಣ ಅಂದೆ. ಹೊಸದೇನಲ್ಲ, ಹೊರಗೆ ಮಾಡುತ್ತಾರೆ. "ಬೆಂಗಳೂರಿನ ಸಣ್ಣ ಲ್ಯಾಬಿಗೆ ಇದೆಲ್ಲ ಯಾಕಪ್ಪ?" ಅಂದರು ಹಿರಿಯರು. ಈಗ ಅವರೇ ಸ್ಯಾಂಪಲ್ ಕಳಿಸುತ್ತಾರೆ, ಇರಲಿ.

ಮೊದಲ ವರ್ಷ ಬರೀ ನಷ್ಟ. ತೆಗೆದ ಕಣ್ಣು ನೇರ ಫಾರ್ಮಲಿನ್‌ಗೆ ಹೋಗುತ್ತಿತ್ತು, ನಮಗೆ ಸಿಗುತ್ತಿದ್ದದ್ದು ಹಳೇ ಪ್ಯಾರಾಫಿನ್ ಬ್ಲಾಕ್, ಅಂದರೆ ಮೇಣದಲ್ಲಿ ಕೂರಿಸಿದ ತುಂಡು. ಡಿಎನ್‌ಎ ಚೂರುಚೂರು. ಎಂಎಲ್‌ಪಿಎ (ಜೀನ್‌ನ ಒಂದೊಂದು ಭಾಗದ ಕಾಪಿ ಎಣಿಸೋ ಟೆಸ್ಟ್) ಗ್ರಾಫ್‌ನಲ್ಲಿ ಅರ್ಧ ಜೀನೇ ಮಾಯ ಆದ ಹಾಗೆ ಕಾಣುತ್ತಿತ್ತು, ಎಲ್ಲ ಸುಳ್ಳು. ಕಿಟ್ಟು, ರಿಪೀಟು ಎಲ್ಲ ಸೇರಿ ಮೂರ್ನಾಲ್ಕು ಲಕ್ಷ ನೀರಲ್ಲಿ ಹೋಯಿತು. ಕೊನೆಗೆ ಪೆಥಾಲಜಿಯವರ ಬೆನ್ನು ಹತ್ತಿದೆ. ಮೊದಲು ಕಣ್ಣಿನ ನರದ ತುದಿ ಕತ್ತರಿಸಿ ಬೇರೆ ಇಡಿ, ಆಮೇಲೆ ಸಣ್ಣ ಕಿಂಡಿ ಮಾಡಿ ಹಸಿ ಗಡ್ಡೆ ಕೊಡಿ ಅಂತ. ಬೇಳೆಕಾಳಿನಷ್ಟು ಸಿಕ್ಕರೂ ಸಾಕು, ಕೀಮೋ ಆದ ಕಣ್ಣಾದರೆ ಮಾತ್ರ ಸತ್ತ ಭಾಗವೇ ಜಾಸ್ತಿ. ರಕ್ತ ಹೆಪಾರಿನ್ (ಹೆಪ್ಪುಗಟ್ಟದಂತೆ ಹಾಕೋ ಔಷಧ) ಟ್ಯೂಬಲ್ಲಿ ಬಂದರೆ ವಾಪಸ್, ಪಿಸಿಆರ್, ಅಂದರೆ ಡಿಎನ್‌ಎ ನಕಲು ಮಾಡಿ ಹೆಚ್ಚಿಸೋ ಹಂತ, ಕೈಕೊಡುತ್ತೆ.

ಆರ್‌ಬಿ1ರ 27 ಎಕ್ಸಾನ್‌ಗಳಲ್ಲಿ (ಜೀನ್‌ನ ತುಣುಕುಗಳು) ಕಾಡಿದ್ದು ಒಂದನೆಯದು. ಅಷ್ಟು ಜಿಸಿ, ಅಂದರೆ ಜಿ ಮತ್ತು ಸಿ ಅಕ್ಷರಗಳೇ ತುಂಬಿ ನಕಲು ಮಾಡೋದೇ ಕಷ್ಟ! ಪಿಸಿಆರ್‌ಗೆ ಡಿಎಂಎಸ್‌ಒ ಅನ್ನೋ ರಾಸಾಯನಿಕ ಹಾಕಿ ಅಂತ ಎಲ್ಲರೂ ಹೇಳುತ್ತಾರೆ, ಅದೊಂದೇ ಸಾಲಲ್ಲ. ಜೊತೆಗೆ ಏನು, ಎಷ್ಟು ಅನ್ನೋದು ಸದ್ಯ ನನ್ನ ನೋಟ್‌ಬುಕ್ಕಲ್ಲೇ ಇರಲಿ.

ಎಲ್ಲರ ಬಾಯಿ ಮುಚ್ಚಿಸಿದ ಕೇಸ್ ಇದು. ಎರಡೂ ಕಣ್ಣಲ್ಲಿ ಗಡ್ಡೆ, ರಕ್ತ ಮಾತ್ರ ಸ್ಯಾಂಗರ್‌ನಲ್ಲಿ (ಡಿಎನ್‌ಎ ಅಕ್ಷರ ಓದೋ ಹಳೇ ವಿಧಾನ) ಕ್ಲೀನ್. ಗಡ್ಡೆಯಲ್ಲಿ ಹತ್ತನೇ ಎಕ್ಸಾನ್‌ನ 320ನೇ ಆರ್ಜಿನಿನ್ (ಪ್ರೋಟೀನಿನ ಒಂದು ಕೊಂಡಿ) ಸ್ಟಾಪ್ ಆಗಿತ್ತು, ಅಂದರೆ ಪ್ರೋಟೀನ್ ಅಲ್ಲೇ ಅರ್ಧಕ್ಕೆ ನಿಲ್ಲುತ್ತೆ, ಒಳ್ಳೆ ಕಾಪಿ ಉಳಿದೇ ಇರಲಿಲ್ಲ. ಡಿಎನ್‌ಎಯಲ್ಲಿ ಸಿಜಿಎ ಟಿಜಿಎ ಆಗೋ, ಒಂದೇ ಅಕ್ಷರ ಬದಲಾಗೋ ಹಳೇ ಕಥೆ. ರಕ್ತದಲ್ಲಿ ಅದೊಂದೇ ಜಾಗವನ್ನು ಐದು ಸಾವಿರ ಡೆಪ್ತ್‌ವರೆಗೆ, ಅಂದರೆ ಐದು ಸಾವಿರ ಸಲ, ಓದಿಸಿದೆ. ಶೇ. 6-7ರಷ್ಟು ರೀಡ್‌ಗಳಲ್ಲಿ ಸಿಕ್ಕಿತು! ಸ್ಯಾಂಗರ್‌ಗೆ ಶೇ. 15ಕ್ಕಿಂತ ಕೆಳಗಿದ್ದರೆ ಕಾಣೋದು ಕಷ್ಟ, ಅಲ್ವಾ. ಮಗು ಮೊಸಾಯಿಕ್, ಅಂದರೆ ತಪ್ಪು ಗರ್ಭ ನಿಂತ ಮೇಲೆ ಹುಟ್ಟಿದ್ದು, ಅಪ್ಪ ಅಮ್ಮನಿಂದ ಬಂದದ್ದಲ್ಲ. ಅದರ ಪುಟ್ಟ ತಂಗಿಗೆ ಕೆಲವು ವಾರಕ್ಕೊಮ್ಮೆ ಅನಸ್ತೇಶಿಯಾ ಕೊಟ್ಟು ಕಣ್ಣು ನೋಡುತ್ತಿದ್ದರು, ಪ್ರತಿ ಸಲ ಸಾವಿರಾರು ರೂಪಾಯಿ. ಅದು ನಿಂತಿತು. ಈ ಮಗು ದೊಡ್ಡದಾಗಿ ಮಕ್ಕಳಾದರೆ ಅವಕ್ಕೆ ಟೆಸ್ಟ್ ಬೇಕೇ ಬೇಕು, ಅದನ್ನು ರಿಪೋರ್ಟಲ್ಲಿ ದಪ್ಪಕ್ಷರದಲ್ಲಿ ಬರೆದೆ.

ನಡುವೆ ಸುಮ್ನೆ ಇನ್ನೊಂದು ಆಟ. ಕಣ್ಣು ಉಳಿಸುವಾಗ ಗಡ್ಡೆಗೆ ಸೂಜಿ ಚುಚ್ಚುವ ಹಾಗಿಲ್ಲ, ಕ್ಯಾನ್ಸರ್ ಹೊರಗೆ ಹರಡುತ್ತೆ. ಹಾಗಾಗಿ ತೆಗೆದ ಕಣ್ಣುಗಳ ಮುಂಭಾಗದ ನೀರಿನಲ್ಲಿ ಡಿಎನ್‌ಎ ಹುಡುಕಿದೆ. ಸಿಕ್ಕಿದ್ದು ಕೆಲವೇ ನ್ಯಾನೊಗ್ರಾಂ, ಎಂಎಲ್‌ಪಿಎಗೆ ಏನೂ ಸಾಲದು. ಕಡಿಮೆ ಡೆಪ್ತ್‌ನಲ್ಲಿ ಇಡೀ ಜೀನೋಮ್ ಓದಿಸಿದಾಗ 6ಪಿ ಗೇನ್ (6ನೇ ಕ್ರೋಮೋಸೋಮ್‌ನ ಗಿಡ್ಡ ತೋಳಿನ ಹೆಚ್ಚುವರಿ ಕಾಪಿ) ಮಾತ್ರ ಚೆನ್ನಾಗಿ ಕಂಡಿತು. ದುಡ್ಡು ಸಿಕ್ಕರೆ ಮುಂದುವರಿಸುತ್ತೇನೆ.

ಇನ್ನೊಂದು ಒಂದೇ ಕಣ್ಣಿನ ಕೇಸ್, ಆರು ತಿಂಗಳೂ ತುಂಬದ ಕೂಸು. ಗಡ್ಡೆಯಲ್ಲಿ ಆರ್‌ಬಿ1 ಎರಡೂ ಕಾಪಿ ಸರಿ. ಟ್ಯೂಬ್ ಅದಲುಬದಲಾಗಿದೆ ಅಂತ ಎಲ್ಲರೂ ಅಂದರು. ಎಂವೈಸಿಎನ್ (ಕಾಪಿ ಜಾಸ್ತಿಯಾದರೆ ಕ್ಯಾನ್ಸರ್ ತರಬಲ್ಲ ಇನ್ನೊಂದು ಜೀನ್) ನೋಡಿದರೆ ಹತ್ತಾರು ಕಾಪಿ! 2013ರಲ್ಲೇ ವರದಿಯಾದ ಗುಂಪು ಇದು, ಒಂದೇ ಕಣ್ಣಿನ ಕೇಸ್‌ಗಳಲ್ಲಿ ಶೇ. 1-2ರಷ್ಟು. ಈಗ ಎರಡೂ ಕಾಪಿ ಸರಿ ಕಂಡರೆ ಎಂವೈಸಿಎನ್ ನೋಡದೆ ಸೈನ್ ಮಾಡಲ್ಲ.