ಹಳೆಯ ರೀಲ್ ಕ್ಯಾಮೆರಾದಲ್ಲಿ ದಿನನಿತ್ಯದ ಚಿತ್ರ: ಕಾಸರಗೋಡಿನಿಂದ ನನ್ನ ಅನುಭವ

ಕಾಸರಗೋಡಿನ ಕಡೆ ಹಳೆಯ ಕಾಂಪ್ಯಾಕ್ಟ್ ಕ್ಯಾಮೆರಾ ಸಿಗುವುದು ಕಷ್ಟವಲ್ಲ. ಎಪ್ಪತ್ತು, ಎಂಬತ್ತರ ದಶಕಗಳಲ್ಲಿ ಗಲ್ಫಿಗೆ ಹೋದವರು ರಜೆಗೆ ಊರಿಗೆ ಬರುವಾಗ ಟೇಪ್‌ರೆಕಾರ್ಡರಿನ ಜೊತೆಗೆ ಯಾಶಿಕಾವನ್ನೋ ಒಲಿಂಪಸನ್ನೋ ತರುತ್ತಿದ್ದರು. ಅವುಗಳಲ್ಲಿ ಹಲವು ಈಗಲೂ ಕಪಾಟುಗಳಲ್ಲಿ, ಮುಚ್ಚಿಹೋದ ಸ್ಟುಡಿಯೊಗಳ ಡ್ರಾಯರುಗಳಲ್ಲಿ ಬಿದ್ದಿವೆ. ಸುಲಭ ಬೆಲೆಗೆ ಕೊಡುವವರಿದ್ದಾರೆ. ಕಷ್ಟವಿರುವುದು ಬೇರೆ ಎರಡು ಕಡೆ: ದೂರವನ್ನು ಕಣ್ಣಳತೆಯಲ್ಲಿ ಹೇಳಲು ಕಲಿಯುವುದು ಮತ್ತು ನಮ್ಮ ಕರಾವಳಿಯ ತೇವದಿಂದ ಕ್ಯಾಮೆರಾ, ರೀಲು ಎರಡನ್ನೂ ಕಾಪಾಡುವುದು. ಬೆಳಕಿನ ಲೆಕ್ಕವನ್ನು ಈ ಕ್ಯಾಮೆರಾಗಳು ತಾವೇ ಸಾಕಷ್ಟು ಚೆನ್ನಾಗಿ ಮಾಡುತ್ತವೆ.

ನಾನು ಹೆಚ್ಚಾಗಿ ಬಳಸುವುದು ಒಲಿಂಪಸ್ ಟ್ರಿಪ್ 35. 1967ರಿಂದ 1984ರವರೆಗೆ ತಯಾರಾದ ಮಾದರಿ. 40 ಮಿ.ಮೀ, ಎಫ್ 2.8 ಲೆನ್ಸು (ಎಫ್ ಅಂಕಿ ಚಿಕ್ಕದಾದಷ್ಟು ಬೆಳಕಿನ ತೂತು ದೊಡ್ಡದು), ಶಟರ್ ವೇಗ ಎರಡೇ, ಸೆಕೆಂಡಿನ 1/40 ಮತ್ತು 1/200. ಲೆನ್ಸಿನ ಸುತ್ತಲಿರುವ ಸೆಲೆನಿಯಂ ಸೆಲ್ಲು ಬೆಳಕಿನಿಂದಲೇ ವಿದ್ಯುತ್ ಮಾಡಿಕೊಳ್ಳುವುದರಿಂದ ಬ್ಯಾಟರಿಯೇ ಬೇಡ. ನಮ್ಮಂಥ ಊರಿಗೆ ಇದು ದೊಡ್ಡ ಅನುಕೂಲ, ಏಕೆಂದರೆ ಇಲ್ಲಿ ಸಿಗುವ ಬ್ಯಾಟರಿ ಕ್ಯಾಮೆರಾಗಳಲ್ಲಿ ಮೊದಲು ಹಾಳಾಗುವುದು ಬ್ಯಾಟರಿಯ ಗೂಡೇ. ಯಾಶಿಕಾ ಎಂಎಫ್-2 ಕೊಳ್ಳುವವರು ಮೊದಲು ಆ ಮುಚ್ಚಳ ತೆರೆದು ನೋಡಬೇಕು. ಒಳಗೇ ಬಿಟ್ಟ ಸೆಲ್ಲು ಸೋರಿ ಬಿಳಿ-ಹಸಿರು ಪುಡಿ ಕಟ್ಟಿದ್ದರೆ, ಹತ್ತಿಯ ಕಡ್ಡಿಗೆ ವಿನೆಗರ್ ಹಚ್ಚಿ ಉಜ್ಜಿದರೆ ಹೋಗುತ್ತದೆ. ತಗಡು ತಿಂದುಹೋಗಿದ್ದರೆ ಬಿಟ್ಟುಬಿಡಿ. ಹಳೆಯ ಕೆನನೆಟ್ ತರದವುಗಳಲ್ಲಿ ಇನ್ನೊಂದು ತೊಡಕಿದೆ. ಅವುಗಳ ಬೆಳಕು ಅಳೆಯುವ ಮೀಟರು 1.35 ವೋಲ್ಟಿನ ಪಾದರಸದ ಸೆಲ್ಲಿಗೆ ಮಾಡಿದ್ದು, ಅದು ಈಗ ಮಾರುಕಟ್ಟೆಯಲ್ಲಿಲ್ಲ. 1.5 ವೋಲ್ಟಿನದು ಹಾಕಿದರೆ ಮೀಟರು ತಪ್ಪು ಹೇಳುತ್ತದೆ. ಶ್ರವಣಯಂತ್ರಕ್ಕೆ ಹಾಕುವ 675 ನಂಬರಿನ ಝಿಂಕ್-ಏರ್ ಸೆಲ್ಲು 1.4 ವೋಲ್ಟ್ ಕೊಡುತ್ತದೆ. ಸುತ್ತ ಒಂದು ರಬ್ಬರ್ ಬಳೆ ಸಿಕ್ಕಿಸಿದರೆ ಗೂಡಿನಲ್ಲಿ ಕೂರುತ್ತದೆ.

ರೀಲಿನ ಖರ್ಚು ಉಳಿಸಬೇಕೆನ್ನುವವರಿಗೆ ಒಲಿಂಪಸ್ ಪೆನ್ ಇಇ-3 ಒಳ್ಳೆಯದು. ಅದು ಅರ್ಧ ಫ್ರೇಮಿನ ಕ್ಯಾಮೆರಾ, 36ರ ರೀಲಿನಲ್ಲಿ 72 ಚಿತ್ರ ಬರುತ್ತದೆ, ಫೋಕಸ್ ಮಾಡುವ ಕೆಲಸವೇ ಇಲ್ಲ.

ಟ್ರಿಪ್ ಕೊಳ್ಳುವಾಗ ರೀಲ್ ಹಾಕದೆಯೇ ಪರೀಕ್ಷೆ ಮಾಡಬಹುದು. ಲೆನ್ಸಿನ ಅಪರ್ಚರ್ (ಬೆಳಕಿನ ತೂತು) ಬಳೆಯನ್ನು 'ಎ'ಗೆ, ಅಂದರೆ ಆಟೊಗೆ, ತಿರುಗಿಸಿ, ಮುಂಭಾಗವನ್ನು ಅಂಗೈಯಿಂದ ಪೂರ್ತಿ ಮುಚ್ಚಿ ಗುಂಡಿ ಒತ್ತಿ. ವ್ಯೂಫೈಂಡರಿನಲ್ಲಿ ಕೆಂಪು ಬಾವುಟ ಏಳಬೇಕು, ಶಟರ್ ಬೀಳಬಾರದು. ಕೈ ತೆಗೆದು ಅಂಗಳದ ಕಡೆ ತಿರುಗಿಸಿ ಒತ್ತಿದರೆ ಬೀಳಬೇಕು. ಆಮೇಲೆ ಹಿಂಬಾಗಿಲು ತೆರೆದು, ಲೆನ್ಸನ್ನು ಒಮ್ಮೆ ಬಿಸಿಲಿನ ಕಡೆಗೆ, ಒಮ್ಮೆ ಜಗಲಿಯ ನೆರಳಿನ ಕಡೆಗೆ ಹಿಡಿದು ಹಿಂದಿನಿಂದ ನೋಡುತ್ತ ಒತ್ತಿ. ಬಿಸಿಲಿಗೆ ಸಣ್ಣ ತೂತು, ನೆರಳಿಗೆ ದೊಡ್ಡ ತೂತು ಕಾಣಬೇಕು. ಎರಡಕ್ಕೂ ಒಂದೇ ಅಳತೆ ಕಂಡರೆ ಅಪರ್ಚರಿನ ಎಲೆಗಳು ಎಣ್ಣೆ ಹಿಡಿದು ಅಂಟಿಕೊಂಡಿವೆ ಎಂದರ್ಥ.

ಸೆಲೆನಿಯಂ ಸೆಲ್ಲು ಜೀವಂತ ಇದ್ದರೂ ಬಲ ಕುಂದಿರಬಹುದು. ಅದನ್ನು ಅಳೆಯಲು ಮೊಬೈಲಿನ ಲೈಟ್ ಮೀಟರ್ ಆ್ಯಪ್ ಸಾಕು. ಆ್ಯಪಿನಲ್ಲಿ ಐಎಸ್‌ಒ 400 (ರೀಲು ಬೆಳಕನ್ನು ಗ್ರಹಿಸುವ ವೇಗದ ಅಂಕಿ), ಎಫ್ 2.8 ಇಟ್ಟು, ಕ್ಯಾಮೆರಾದಲ್ಲೂ 400 ಇಟ್ಟು, ಬಾಗಿಲಿನಿಂದ ಒಳಕೋಣೆಯ ಕಡೆಗೆ ನಿಧಾನವಾಗಿ ಸಾಗುತ್ತ ಒಂದೇ ಬಿಳಿ ಗೋಡೆಯನ್ನು ಎರಡರಲ್ಲೂ ನೋಡಿ. ಆ್ಯಪು 1/40ರ ಆಸುಪಾಸು ತೋರಿಸುವಾಗ ಕೆಂಪು ಬಾವುಟ ಏಳಬೇಕು. 1/160 ತೋರಿಸುವಾಗಲೇ ಎದ್ದರೆ ಸೆಲ್ಲು ಎರಡು ಸ್ಟಾಪು ಕಡಿಮೆ ಓದುತ್ತಿದೆ (ಒಂದು ಸ್ಟಾಪು ಎಂದರೆ ಬೆಳಕು ದುಪ್ಪಟ್ಟಾಗುವುದು ಇಲ್ಲವೇ ಅರ್ಧವಾಗುವುದು). ಅಂಥ ಕ್ಯಾಮೆರಾವನ್ನು ಎಸೆಯಬೇಕಾಗಿಲ್ಲ. 100ರ ರೀಲು ಹಾಕಿ ರೀಲಿನ ವೇಗದ ಬಳೆಯನ್ನು 400ರಲ್ಲಿಟ್ಟರೆ ಲೆಕ್ಕ ಸರಿಯಾಗುತ್ತದೆ.

ಇಷ್ಟು ಹಳೆಯ ಕ್ಯಾಮೆರಾಗಳಲ್ಲಿ ಹಿಂಬಾಗಿಲಿನ ಫೋಮು ಸಾಮಾನ್ಯವಾಗಿ ಕರಗಿ ಕಪ್ಪು ಅಂಟಾಗಿರುತ್ತದೆ. ಅಲ್ಲಿಂದ ಬೆಳಕು ಸೋರಿದರೆ ಕಲರ್ ರೀಲಿನಲ್ಲಿ ಕೆಂಪು-ಕಿತ್ತಳೆ ಪಟ್ಟೆ ಬೀಳುತ್ತದೆ. ಹಿಂದಿನಿಂದ ಬರುವ ಬೆಳಕು ಮೊದಲು ತಾಗುವುದು ಫಿಲ್ಮಿನ ಕೆಂಪು ಗ್ರಹಿಸುವ ಪದರಕ್ಕೆ, ಅದಕ್ಕೇ ಆ ಬಣ್ಣ. ಫೋಮು ಬದಲಿಸಲು ರಿಪೇರಿಯವರು ಬೇಕಿಲ್ಲ. ಮೊಬೈಲ್ ರಿಪೇರಿ ಅಂಗಡಿಗಳಲ್ಲಿ ಬಳಸುವ ಐಸೊಪ್ರೊಪೈಲ್ ಆಲ್ಕೊಹಾಲನ್ನು ಹಲ್ಲುಕಡ್ಡಿಗೆ ಅದ್ದಿ, ಕ್ಯಾಮೆರಾವನ್ನು ತಲೆಕೆಳಗಾಗಿ ಹಿಡಿದು ಬಾಗಿಲು ಕೂರುವ ಸಪೂರ ತೋಡಿನೊಳಗಿನ ಅಂಟನ್ನು ಸ್ವಲ್ಪ ಸ್ವಲ್ಪವೇ ಎಬ್ಬಿಸಿ. ತಲೆಕೆಳಗಾಗಿ ಹಿಡಿಯುವುದು ಮುಖ್ಯ. ಎದ್ದ ಚೂರು ಶಟರಿನ ಮೇಲೆ ಬಿದ್ದರೆ ಅದೂ ಅಂಟಿಕೊಳ್ಳುತ್ತದೆ. ತೋಡು ಲೋಹದ ಬಣ್ಣಕ್ಕೆ ಬಂದ ಮೇಲೆ ಒಣಗಲು ಬಿಟ್ಟು, ಕಪ್ಪು ಉಣ್ಣೆಯ ದಾರವನ್ನು ಹಲ್ಲುಕಡ್ಡಿಯಿಂದಲೇ ಒತ್ತುತ್ತ ಉದ್ದಕ್ಕೂ ಕೂರಿಸಿ. ತುದಿಗಳಲ್ಲಿ ಮಾತ್ರ ಸೂಜಿಮೊನೆಯಷ್ಟು ಗೋಂದು. ಬಾಗಿಲಿನ ಕೀಲಿನ ಬದಿಗೆ ದಾರ ಸಾಲದು, ಅಲ್ಲಿ ಒಂದೂವರೆಯಿಂದ ಎರಡು ಮಿ.ಮೀ ದಪ್ಪದ ಕಪ್ಪು ಫೋಮು ಬೇಕು. ಬಾಗಿಲು ಮುಚ್ಚುವಾಗ ಒತ್ತಾಯ ಮಾಡಬೇಕಾಗಿ ಬಂದರೆ ದಾರ ದಪ್ಪವಾಗಿದೆ, ಒಂದು ಎಳೆ ಬಿಡಿಸಿ ತೆಗೆಯಿರಿ.

ಇನ್ನು ದೂರದ ವಿಷಯ. ಟ್ರಿಪ್‌ನಲ್ಲಿ ನಾಲ್ಕು ಗುರುತುಗಳಿವೆ: ಒಂದು ತಲೆ ಎಂದರೆ 1 ಮೀಟರ್, ಎರಡು ತಲೆ 1.5, ಗುಂಪು 3, ಬೆಟ್ಟ ಎಂದರೆ ಅನಂತ. ಇದಕ್ಕೆ ನಮ್ಮ ಹಳೆಯ ಮಾರಿನ ಅಳತೆ ಚೆನ್ನಾಗಿ ಹೊಂದುತ್ತದೆ. ಎರಡೂ ಕೈ ಚಾಚಿದರೆ ಒಂದು ಮಾರು, ಹೆಚ್ಚುಕಡಿಮೆ ನಮ್ಮ ಎತ್ತರದಷ್ಟೇ. ಒಂದು ಮಾರು ದೂರದವರಿಗೆ ಎರಡು ತಲೆ, ಎರಡು ಮಾರಿಗೆ ಗುಂಪು. ಗಿರಾಕಿಗೆ ಮೀನು ತೋರಿಸುತ್ತಿರುವ ಹೆಂಗಸು ಒಂದು ಮಾರು. ಅಂಗಳದಲ್ಲಿ ಅಡಿಕೆ ಹರವುತ್ತಿರುವವರು ಎರಡು. ಬಸ್ಸಿನ ಎದುರು ಸೀಟಿನಲ್ಲಿ ಮುಖ ತಿರುಗಿಸಿ ಕುಳಿತವರು ಒಂದು ಮೀಟರು.

ಬಿಸಿಲಿದ್ದರೆ ಅಳತೆ ತಪ್ಪಿದರೂ ತೊಂದರೆಯಿಲ್ಲ. ಗುಂಪಿನ ಗುರುತಿನಲ್ಲಿಟ್ಟು ಅಪರ್ಚರ್ ಎಫ್ 8 ಆದರೆ ಸುಮಾರು 2 ಮೀಟರಿನಿಂದ 5.4 ಮೀಟರಿನವರೆಗೂ ಚಿತ್ರ ಚೂಪಾಗಿರುತ್ತದೆ. ಎಫ್ 16 ಆದರೆ 1.6 ಮೀಟರಿನಿಂದ ಬಹುದೂರದವರೆಗೆ. ಹಾಗಾಗಿ 400ರ ರೀಲು ಹಾಕಿ, ಫೋಕಸ್ ಬಳೆಯನ್ನು ಗುಂಪಿನಲ್ಲಿಟ್ಟು ಕುಂಬಳೆಯ ಪೇಟೆಯಲ್ಲಿ ಹಗಲು ನಡೆದರೆ ಕ್ಯಾಮೆರಾ ಎತ್ತುವುದು, ಒತ್ತುವುದು ಇಷ್ಟೇ ಕೆಲಸ. ನಡುಹಗಲಿನ ಉರಿಬಿಸಿಲಿಗೆ 400 ಹೆಚ್ಚಾಯಿತೇ ಎಂಬ ಅಂಜಿಕೆ ಬೇಡ. 1/200, ಎಫ್ 22ರಲ್ಲಿ ಹೆಚ್ಚೆಂದರೆ ಅರ್ಧ ಸ್ಟಾಪಿನಷ್ಟು ಬೆಳಕು ಹೆಚ್ಚಾಗಬಹುದು, ನೆಗೆಟಿವ್ ಫಿಲ್ಮು ಅದನ್ನು ಸಲೀಸಾಗಿ ತಾಳುತ್ತದೆ. ಅದು ತಾಳದಿರುವುದು ಕಡಿಮೆ ಬೆಳಕನ್ನು.

ಅಡಿಕೆ ತೋಟದೊಳಗೆ ಮಾತ್ರ ಕ್ಯಾಮೆರಾಕ್ಕೆ ನಾವು ಹೇಳಿಕೊಡಬೇಕು. ಸೋಗೆಗಳ ನಡುವೆ ಇಳಿಯುವ ಬಿಸಿಲಕೋಲು ಸೆಲ್ಲಿಗೆ ಬಿದ್ದರೆ ಅದು ಸುತ್ತಲೂ ಬೆಳಕಿದೆ ಎಂದುಕೊಳ್ಳುತ್ತದೆ. ನೆರಳಿನಲ್ಲಿರುವ ಮುಖ ಕಪ್ಪಾಗುತ್ತದೆ. ಅಲ್ಲಿ ನಾನು 400ರ ರೀಲಿದ್ದರೂ ವೇಗದ ಬಳೆಯನ್ನು 200ಕ್ಕೆ ಇಳಿಸುತ್ತೇನೆ. ಕಿಟಕಿಗೆ ಬೆನ್ನು ಮಾಡಿ ಕುಳಿತವರನ್ನು ತೆಗೆಯುವಾಗ 100ಕ್ಕೆ. ಇನ್ನೊಂದು ದಾರಿಯೂ ಇದೆ. ಕ್ಯಾಮೆರಾವನ್ನು ನೆಲದ ನೆರಳಿಗೆ ಬಾಗಿಸಿ ಗುಂಡಿಯನ್ನು ಅರ್ಧ ಒತ್ತಿ ಹಿಡಿದರೆ ಆ ಅಳತೆ ಅಲ್ಲೇ ನಿಲ್ಲುತ್ತದೆ, ಆಮೇಲೆ ಎತ್ತಿ ಪೂರ್ತಿ ಒತ್ತಬಹುದು.

ಯಕ್ಷಗಾನದವರು ಬಣ್ಣ ಹಚ್ಚಿಕೊಳ್ಳುವ ಚೌಕಿಯಲ್ಲಿ ಕೆಂಪು ಬಾವುಟ ಏಳುವುದು ಸಾಮಾನ್ಯ. ಬಳೆಯನ್ನು 'ಎ'ಯಿಂದ ತೆಗೆದು 2.8ಕ್ಕಿಟ್ಟರೆ ಬಾವುಟ ತಡೆಯುವುದಿಲ್ಲ, ಶಟರ್ 1/40ರಲ್ಲಿ ಬೀಳುತ್ತದೆ. ಬಣ್ಣ ಬರೆದುಕೊಳ್ಳುವವರು ಕನ್ನಡಿಯ ಮುಂದೆ ಅಲುಗಾಡದೆ ಕೂರುತ್ತಾರೆ, ದೀಪವೂ ಮುಖಕ್ಕೆ ಹತ್ತಿರ ಇರುತ್ತದೆ. ಆದರೆ ಒಂದೂವರೆ ಮೀಟರಿನಲ್ಲಿ, ಎಫ್ 2.8ರಲ್ಲಿ ಚೂಪಾಗಿ ಬರುವ ಆಳ ಹೆಚ್ಚೆಂದರೆ ಒಂದು ಗೇಣು. ಅಲ್ಲಿ ಕಣ್ಣಂದಾಜು ನಂಬಬೇಡಿ. ಒಂದೂವರೆ ಮೀಟರಿಗೆ ಗಂಟು ಹಾಕಿದ ದಾರವೊಂದನ್ನು ಕ್ಯಾಮೆರಾದ ಪಟ್ಟಿಗೆ ಕಟ್ಟಿಕೊಂಡರೆ, ಆಟ ಶುರುವಾಗುವ ಮೊದಲೇ ಕೇಳಿ ಅಳತೆ ಹಿಡಿದು ಕೂರಬಹುದು. ಕೇಳುವುದನ್ನು ನಾನು ಎಲ್ಲೂ ಬಿಡುವುದಿಲ್ಲ. ಕನ್ನಡ, ತುಳು, ಮಲಯಾಳ, ಯಾವುದರಲ್ಲಾದರೂ ಸರಿ, ಒಂದು ಮಾರು ದೂರದಲ್ಲಿ ನಿಂತವರು ಮಾತಾಡಲೇಬೇಕು.

ಮಳೆಗಾಲಕ್ಕೆ 400ರ ರೀಲೇ ಬೇಕು. ಸ್ಟುಡಿಯೊಗಳ ಮೂಲೆಯಲ್ಲಿ ಊಟಿಯ ಹಿಂದೂಸ್ತಾನ್ ಫೋಟೊ ಫಿಲ್ಮ್ಸ್‌ನ 'ಇಂದು' ರೀಲು ಆಗೊಮ್ಮೆ ಈಗೊಮ್ಮೆ ಸಿಗುತ್ತದೆ. ನಮ್ಮ ಸೆಕೆಯಲ್ಲಿ ವರ್ಷಗಟ್ಟಲೆ ಇದ್ದ ರೀಲು ಮಂಜು ಹಿಡಿದಂತೆ ಮಸುಕಾಗಿರುತ್ತದೆ, ಕೆಲಸದ ಚಿತ್ರಕ್ಕೆ ಅದನ್ನು ನೆಚ್ಚಬೇಡಿ. ಫ್ರಿಜ್ಜಿನಿಂದ ತೆಗೆದ ಹೊಸ ರೀಲನ್ನು ಡಬ್ಬಿ ತೆರೆಯದೆ ಎರಡು ಗಂಟೆ ಹೊರಗಿಡಿ. ತೆರೆದುಬಿಟ್ಟರೆ ನಮ್ಮ ಹವೆಯ ನೀರೆಲ್ಲ ಫಿಲ್ಮಿನ ಮೇಲೆ ಕೂರುತ್ತದೆ. ರೀಲ್ ಹಾಕಿದ ಮೇಲೆ ಹಿಂಬದಿಯ ಚಕ್ರ ತಿರುಗಿಸುವಾಗ ಎಡಗಡೆಯ ರಿವೈಂಡ್ ಹಿಡಿಯೂ ತಿರುಗುತ್ತಿದೆಯೇ ಎಂದು ನೋಡಿ. ತಿರುಗದಿದ್ದರೆ ರೀಲು ಸಿಕ್ಕಿಕೊಂಡಿಲ್ಲ.

ಕಲರನ್ನು ಲ್ಯಾಬಿಗೆ ಕಳಿಸುತ್ತೇನೆ, ಕಪ್ಪುಬಿಳುಪನ್ನು ಮನೆಯಲ್ಲೇ ತೊಳೆಯುತ್ತೇನೆ. ಪುಸ್ತಕಗಳಲ್ಲಿ ಎಲ್ಲ ಲೆಕ್ಕವೂ 20 ಡಿಗ್ರಿಗೆ, ನಮ್ಮ ಟ್ಯಾಂಕಿನ ನೀರು 28ರ ಮೇಲೆ. 20ಕ್ಕೆ ಇಳಿಸಲು ಹೆಣಗುವ ಬದಲು ಎಲ್ಲವನ್ನೂ 24ಕ್ಕೆ ತರುವುದು ಸುಲಭ. ಬಾಟಲಿಗಳನ್ನು ಐಸ್ ಹಾಕಿದ ಬೇಸಿನ್ನಿನಲ್ಲಿ ನಿಲ್ಲಿಸಿ. ಐಸನ್ನು ದ್ರಾವಣಕ್ಕೇ ಹಾಕಿದರೆ ಅದು ತೆಳುವಾಗುತ್ತದೆ. ಇಲ್‌ಫೋರ್ಡ್ ಎಚ್‌ಪಿ5 ರೀಲಿಗೆ ಡಿ-76 ಡೆವಲಪರ್ (ಚಿತ್ರ ಮೂಡಿಸುವ ದ್ರಾವಣ) 150 ಮಿ.ಲೀ, ನೀರು 150 ಮಿ.ಲೀ. 20 ಡಿಗ್ರಿಯಲ್ಲಿ 11 ನಿಮಿಷವಾದರೆ 24ರಲ್ಲಿ ಸುಮಾರು 7 ಮುಕ್ಕಾಲು ನಿಮಿಷ. ನೀರು ಬೆರೆಸದ ಡೆವಲಪರನ್ನು ಈ ಉಷ್ಣತೆಯಲ್ಲಿ ಬಳಸುವುದಿಲ್ಲ; ಸಮಯ ಐದು ನಿಮಿಷದ ಹತ್ತಿರಕ್ಕೆ ಇಳಿದು ಆಕಾಶದಲ್ಲಿ ಪಟ್ಟೆಗಳು ಬೀಳುತ್ತವೆ. ಮೂಡಿದ ಚಿತ್ರವನ್ನು ನಿಲ್ಲಿಸುವ ಫಿಕ್ಸರೂ ತೊಳೆಯುವ ನೀರೂ ಎರಡು ಮೂರು ಡಿಗ್ರಿಯ ಒಳಗೇ ಇರಲಿ. ಕೊನೆಯ ಸಲ ಜಾಲಾಡಲು ಬಾವಿನೀರು ಬೇಡ, ಪೆಟ್ರೋಲ್ ಪಂಪಿನಲ್ಲಿ ಸಿಗುವ ಬ್ಯಾಟರಿ ನೀರು ಬಳಸಿದರೆ ಕಲೆ ಉಳಿಯುವುದಿಲ್ಲ. ಜೂನ್, ಜುಲೈಯಲ್ಲಿ ಫಿಲ್ಮು ತೊಳೆಯುವ ಡಬ್ಬಿಯ ಪ್ಲಾಸ್ಟಿಕ್ ಸುರುಳಿಗೆ ಹತ್ತದೆ ಅರ್ಧದಲ್ಲೇ ನಿಲ್ಲುತ್ತದೆ. ಹವೆಯ ಪಸೆಗೆ ಫಿಲ್ಮು ಉಬ್ಬುವುದೇ ಕಾರಣ. ಸುರುಳಿಯನ್ನು ಹೇರ್ ಡ್ರೈಯರಿನಿಂದ ಒಣಗಿಸಿ, ಕೈಯ ಬೆವರು ಒರೆಸಿಕೊಂಡು ಶುರುಮಾಡಿ.

ವರ್ಷಕ್ಕೆ ಮೂರು ಸಾವಿರ ಮಿಲಿಮೀಟರಿಗೂ ಮೀರಿ ಮಳೆ ಸುರಿಯುವ ಊರು ನಮ್ಮದು. ಚರ್ಮದ ಚೀಲದಲ್ಲಿಟ್ಟ ಕ್ಯಾಮೆರಾಕ್ಕೆ ಬೂಷ್ಟು ಬರುವುದು ಖಂಡಿತ, ಚರ್ಮವೇ ತೇವ ಹಿಡಿದಿಟ್ಟು ಲೆನ್ಸಿಗೆ ಕೊಡುತ್ತದೆ. ಚೀಲವನ್ನು ಬೇರೆ ಇಡಿ. ಗಾಳಿಯಾಡದ ಪ್ಲಾಸ್ಟಿಕ್ ಡಬ್ಬ, ಒಳಗೆ ಅರ್ಧ ಕಿಲೊ ಸಿಲಿಕಾ ಜೆಲ್, ತೇವ ತೋರಿಸುವ ಚಿಕ್ಕ ಮೀಟರು ಇಷ್ಟು ಸಾಕು. ಮೀಟರು ಶೇಕಡಾ 40ರಿಂದ 50ರ ನಡುವೆ ಇರಲಿ. 55 ದಾಟಿದಾಗ ಜೆಲ್ಲನ್ನು ಅಡುಗೆಗೆ ಬಳಸದ ಹಳೆಯ ಬಾಣಲೆಯಲ್ಲಿ ಸಣ್ಣ ಉರಿಯಲ್ಲಿ ಬಣ್ಣ ತಿರುಗುವವರೆಗೆ ಬಿಸಿಮಾಡಿ, ಆರಿಸಿ, ಮತ್ತೆ ಹಾಕಿ. ನೀಲಿ ಬಣ್ಣದ ಜೆಲ್ಲಿನಲ್ಲಿ ಕೋಬಾಲ್ಟ್ ಇರುತ್ತದೆ, ಕಿತ್ತಳೆ ಬಣ್ಣದ್ದು ಮೇಲು. ಅಕ್ಕಿಯಲ್ಲಿ ಹೂತಿಡುವುದು ಬೇಡ, ಅದರ ಹಿಟ್ಟು ಫೋಕಸ್ ಬಳೆಯೊಳಗೆ ಸೇರುತ್ತದೆ. ಲೆನ್ಸಿನೊಳಗೆ ಜೇಡರಬಲೆಯಂಥ ಎಳೆ ಕಂಡರೆ ಆ ಕ್ಯಾಮೆರಾವನ್ನು ಉಳಿದವುಗಳ ಡಬ್ಬದಲ್ಲಿ ಇಡಬೇಡಿ. ಮುಂದಿನ ಗಾಜು ಬಿಚ್ಚಿ ಒರೆಸಿದರೆ ಎಳೆ ಹೋಗುತ್ತದೆ, ಗಾಜಿನ ಲೇಪವನ್ನು ತಿಂದಿದ್ದರೆ ಗುರುತು ಉಳಿಯುತ್ತದೆ. ಎಳೆ ಅಂಚಿನಲ್ಲಷ್ಟೇ ಇದ್ದರೆ ಚಿತ್ರದಲ್ಲಿ ಕಾಣಿಸುವುದು ಬೆಳಕಿಗೆ ಎದುರಾಗಿ ತೆಗೆದಾಗ ಮಾತ್ರ. ಅಂಥದ್ದನ್ನು ಬೆನ್ನಹಿಂದೆ ಬಿಸಿಲಿರುವ ಹೊತ್ತಿಗೆ ಇಟ್ಟುಕೊಂಡು ಬಳಸಬಹುದು.