ರೂಪಾಂತರಗೊಳ್ಳುವ ರೋಬೋಟಿಗೆ ಬೆಲೆ ಕಟ್ಟಲು ತಕ್ಕಡಿ: ನನ್ನ ಅನುಭವ

ಹಳೆಯ ಟ್ರಾನ್ಸ್‌ಫಾರ್ಮರ್ಸ್ ಆಟಿಕೆಯ, ಅಂದರೆ ವಾಹನವಾಗಿ ಮಾರ್ಪಡುವ ರೋಬೋಟಿನ, ಅಸಲಿತನವನ್ನು ತೂಕದಿಂದ ಪರೀಕ್ಷಿಸಬಹುದು ಎಂದು ನಾನು ಮೊದಲು ಹೇಳಿದಾಗ, ಸಂಗ್ರಹದಲ್ಲಿ ನನಗಿಂತ ಹಿರಿಯರಾದ ಗೆಳೆಯರು ಯಾರೂ ಒಪ್ಪಲಿಲ್ಲ. ಅಚ್ಚಿನ ಮುದ್ರೆ, ಸ್ಟಿಕ್ಕರ್ ಮತ್ತು ಪೆಟ್ಟಿಗೆಯನ್ನು ನೋಡಿದರೆ ಸಾಕು ಎಂಬುದು ಅವರ ವಾದವಾಗಿತ್ತು. ಕಳೆದ ತಿಂಗಳು ಅವರಲ್ಲೊಬ್ಬರು ದೊಡ್ಡ ಮೊತ್ತ ಕೊಟ್ಟು ಕೊಳ್ಳಲು ಹೊರಟಿದ್ದ, ಟ್ರಕ್ಕಾಗಿ ಮಾರ್ಪಡುವ ಆಪ್ಟಿಮಸ್ ಪ್ರೈಮ್‌ನ ಗುಟ್ಟನ್ನು ನನ್ನ ತಕ್ಕಡಿ ಬಯಲು ಮಾಡಿದ ಮೇಲೆ, ಇದನ್ನು ಬರೆದಿಡಬೇಕೆಂದು ಅವರೇ ಒತ್ತಾಯಿಸಿದರು.

ಈ ದಾರಿಗೆ ನಾನು ಬಂದದ್ದು ಎರಡು ಬಾರಿ ಹಣ ಕಳೆದುಕೊಂಡ ನಂತರ. ಮೊದಲನೆಯ ಬಾರಿ, 1984ರದ್ದೆಂದು ನಂಬಿಸಿ ಮಾರಿದ ಆಪ್ಟಿಮಸ್ ಪ್ರೈಮ್‌ಗೆ ಸುಮಾರು ಒಂದು ವರ್ಷದ ಉಳಿತಾಯವನ್ನು ಸುರಿದೆ. ಅದರ ಹೊಗೆಕೊಳವೆಗಳು ಗಿಡ್ಡವಾಗಿದ್ದವು. 2002ರ ಅಮೆರಿಕದ ಮರುಬಿಡುಗಡೆಯಲ್ಲಿ ಮಕ್ಕಳ ಸುರಕ್ಷತೆಗಾಗಿ ಅವನ್ನು ಮೊಟಕುಗೊಳಿಸಿದ್ದರೆಂದು ತಿಳಿಯುವಷ್ಟರಲ್ಲಿ ಮಾರಿದವರು ಕೈಗೆ ಸಿಗುವಂತಿರಲಿಲ್ಲ. ಕೊಟ್ಟದ್ದರಲ್ಲಿ ಮೂರನೇ ಒಂದು ಭಾಗಕ್ಕೆ ಅದನ್ನು ಬಿಟ್ಟುಕೊಟ್ಟೆ. ಎರಡನೆಯ ಬಾರಿ ಉದ್ದ ಕೊಳವೆಗಳನ್ನು ನೋಡಿಕೊಂಡೇ ಕೊಂಡೆ, ಮೂಲ ತಯಾರಕರಾದ ಜಪಾನಿನ ಟಕಾರಾ ಕಂಪನಿಯ ಮುದ್ರೆಯನ್ನೂ ಭೂತಗನ್ನಡಿಯಲ್ಲಿ ಓದಿದೆ. ಆದರೂ ಅದು ನಕಲಿಯಾಗಿತ್ತು. ಅಸಲಿ ರೋಬೋಟಿನ ಮೇಲೆಯೇ ಅಚ್ಚು ತೆಗೆದರೆ ಮುದ್ರೆಯೂ ಅದರೊಂದಿಗೆ ಬಂದುಬಿಡುತ್ತದೆ ಎಂಬುದು ನನಗೆ ಹೊಳೆದಿರಲಿಲ್ಲ.

ಆದರೆ ಹಾಗೆ ತೆಗೆದ ಅಚ್ಚಿನಲ್ಲಿ ಎರೆದ ಪ್ಲಾಸ್ಟಿಕ್ ತಣಿಯುವಾಗ ಮತ್ತೊಮ್ಮೆ ಕುಗ್ಗುತ್ತದೆ. ಉದ್ದ, ಅಗಲ, ದಪ್ಪ ಮೂರರಲ್ಲೂ ನೂರಕ್ಕೆ ಒಂದರಷ್ಟು ಕುಗ್ಗಿದರೂ ತೂಕ ನೂರಕ್ಕೆ ಮೂರರಷ್ಟು ಇಳಿಯುತ್ತದೆ. ಕಣ್ಣಿಗೆ ಕಾಣದ ಆ ವ್ಯತ್ಯಾಸ ತಕ್ಕಡಿಗೆ ಕಾಣುತ್ತದೆ. ಇದರ ಮೇಲೆ ಅಚ್ಚಿಗೆ ಎರೆದ (ಡೈಕಾಸ್ಟ್) ಲೋಹದ ಜಾಗದಲ್ಲಿ ಪ್ಲಾಸ್ಟಿಕ್ ಹಾಕಿ ಖರ್ಚು ಉಳಿಸಿದ್ದರೆ ಅನುಮಾನಕ್ಕೆ ಎಡೆಯೇ ಉಳಿಯುವುದಿಲ್ಲ.

ಗ್ರಾಂನ ಹತ್ತನೇ ಒಂದು ಭಾಗದವರೆಗೆ ತೋರಿಸುವ ಸಣ್ಣ ಡಿಜಿಟಲ್ ತಕ್ಕಡಿ ನನ್ನದು. ಇಡೀ ರೋಬೋಟನ್ನು ಒಟ್ಟಿಗೆ ತೂಗಿದರೆ ಏನೂ ತಿಳಿಯುವುದಿಲ್ಲ. ಟ್ರಕ್ಕು, ಟ್ರೇಲರ್, ಬಂದೂಕು, ಕಳಚಿ ಬರುವ ಮುಷ್ಟಿಗಳು ಎಲ್ಲವನ್ನೂ ಬೇರೆ ಬೇರೆಯಾಗಿಯೇ ತೂಗಬೇಕು. ಅಸಲಿ ಎಂದು ಖಚಿತವಾದ ಪ್ರತಿಗಳ ತೂಕವನ್ನು ಗೆಳೆಯರ ಕಪಾಟುಗಳಿಂದ ಪಡೆದು ಆರು ವರ್ಷಗಳಿಂದ ಬರೆದಿಡುತ್ತ ಬಂದಿದ್ದೇನೆ. ನಲವತ್ತರ ಆಸುಪಾಸು ರೋಬೋಟುಗಳ ಲೆಕ್ಕವಿರುವ ಅಂಥ ಪುಸ್ತಕ ನಮ್ಮ ಬಳಗದಲ್ಲಿ ಬೇರೆ ಯಾರ ಬಳಿಯೂ ಇಲ್ಲ ಎಂದು ಧೈರ್ಯವಾಗಿ ಹೇಳಬಲ್ಲೆ. ತೂಕ ಹೊಂದಿದ ಮಾತ್ರಕ್ಕೆ ನಾನು ಕೊಳ್ಳುವುದಿಲ್ಲ, ಏಕೆಂದರೆ ಮರುಬಿಡುಗಡೆಗಳು ಮೂಲದ ತೂಕಕ್ಕೆ ಬಹಳ ಹತ್ತಿರ ಬರುತ್ತವೆ; ಆದರೆ ತೂಕ ಹೊಂದದಿದ್ದರೆ ಕಾರಣ ಸಿಗುವ ತನಕ ಹಣ ಬಿಚ್ಚುವುದಿಲ್ಲ. ಅಂಟು ಹಾಕಿ ಮುಚ್ಚಿದ ಬಿರುಕು, ಬದಲಾಯಿಸಿದ ತಿರುಪು, ಕಾಣೆಯಾದ ಸ್ಪ್ರಿಂಗ್ ಎಲ್ಲವೂ ಹೀಗೆಯೇ ಸಿಕ್ಕಿಬಿದ್ದಿವೆ.

ತೂಕದ ನಂತರ ಒಮ್ಮೆ ವಾಹನದಿಂದ ರೋಬೋಟಿಗೆ, ಒಮ್ಮೆ ರೋಬೋಟಿನಿಂದ ವಾಹನಕ್ಕೆ, ನಿಧಾನವಾಗಿ ರೂಪಾಂತರ ಮಾಡುತ್ತೇನೆ. ಆಗ ಟಾರ್ಚನ್ನು ಓರೆಯಾಗಿ ಹಿಡಿದರೆ ಪಿನ್ನುಗಳ ಸುತ್ತ ಪ್ಲಾಸ್ಟಿಕ್ ಬೆಳ್ಳಗಾಗಿರುವ ಗೆರೆಗಳು ಕಾಣುತ್ತವೆ. ಅಂಥ ಗೆರೆ ಇದ್ದರೆ ನಾಲ್ಕನೇ ಒಂದು ಭಾಗ ಬೆಲೆ ಇಳಿಸಿ ಕೇಳುತ್ತೇನೆ. ಕೀಲಿನ ಸದ್ದಿನಲ್ಲಿ ನಾನು ಗಮನಿಸುವ ಗುರುತೊಂದಿದೆ. ನಕಲಿ ತಯಾರಿಸುವವರ ಕಣ್ಣಿಗೂ ಇದು ಬೀಳಬಹುದಾದ್ದರಿಂದ ಅದನ್ನು ಇಲ್ಲಿ ಬರೆಯುವುದಿಲ್ಲ.

ಚಿನ್ನದ ಹೊಳಪಿನ ಪುಡಿ ಬೆರೆಸಿದ ಪ್ಲಾಸ್ಟಿಕ್ ಇರುವ ರೋಬೋಟುಗಳಿಗೆ ಈ ರೂಪಾಂತರದ ಪರೀಕ್ಷೆಯನ್ನು ಮಾಡಲೇಬಾರದು. 1980ರ ದಶಕದ ಕೊನೆಯಿಂದ ಬಂದ ಅಂಥ ಹಲವು ರೋಬೋಟುಗಳ ಪ್ಲಾಸ್ಟಿಕ್ ಒಳಗೊಳಗೇ ಶಿಥಿಲವಾಗುತ್ತದೆ, ಪೆಟ್ಟಿಗೆಯಿಂದ ಹೊರಗೆ ತೆಗೆಯದಿದ್ದರೂ ಉಳಿಯುವುದಿಲ್ಲ. ನನ್ನ ಕೈಯಲ್ಲೇ ಒಂದರ ಭುಜ ಹಪ್ಪಳದಂತೆ ಮುರಿದದ್ದನ್ನು ನೆನೆದರೆ ಇಂದಿಗೂ ಸಂಕಟವಾಗುತ್ತದೆ. ಅಂದಿನಿಂದ ಅಂಥವಕ್ಕೆ ಬರಿಯ ಬಿಡಿಭಾಗಗಳ ಬೆಲೆಯನ್ನಷ್ಟೇ ಕಟ್ಟುತ್ತೇನೆ.

ಹಳದಿಗಟ್ಟಿದ ಬಿಳಿ ಭಾಗಗಳ ಮೇಲೆ ಹೈಡ್ರೋಜನ್ ಪೆರಾಕ್ಸೈಡ್ ಹಚ್ಚಿ ಬಿಸಿಲಿಗಿಡುವ ಪ್ರಯೋಗವನ್ನೂ ಮಾಡಿದ್ದೇನೆ. ಮುರಿದ ಬಾಗಿಲೊಂದರ ಮೇಲೆ ಹಚ್ಚಿದಾಗ ಬಣ್ಣ ಪಟ್ಟೆಪಟ್ಟೆಯಾಯಿತು. ಪೂರ್ತಿ ಮುಳುಗಿಸಿ ಗಂಟೆಗೊಮ್ಮೆ ತಿರುಗಿಸಿದಾಗ ಮಾತ್ರ ಸಮನಾಗಿ ಬೆಳ್ಳಗಾಯಿತು, ಆದರೆ ವರ್ಷ ಎರಡು ವರ್ಷದಲ್ಲಿ ಮತ್ತೆ ಹಳದಿಯಾಗತೊಡಗಿತು. ಆದ್ದರಿಂದ ಬಿಳುಪು ಮಾಡಿಸಿದ ರೋಬೋಟಿಗೆ ಹೆಚ್ಚು ಬೆಲೆ ಕೊಡುವುದನ್ನು ನಿಲ್ಲಿಸಿದೆ. ಸಡಿಲವಾದ ಬಾಲ್ ಜಾಯಿಂಟಿಗೆ ಸೂಪರ್‌ಗ್ಲೂವಿನ ತೆಳು ಲೇಪ ಕೊಟ್ಟು, ಪೂರ್ತಿ ಒಣಗಿದ ಮೇಲೆ ಕೂರಿಸುವುದು ಮಾತ್ರ ಎಂದೂ ಕೈಕೊಟ್ಟಿಲ್ಲ. ಅದಕ್ಕಾಗಿ ನಾನು ಬೆಲೆ ಇಳಿಸುವುದಿಲ್ಲ.

ಇನ್ನು ಗೆಳೆಯರ ಆಪ್ಟಿಮಸ್ ಪ್ರೈಮ್ ವಿಷಯ. ಅದರ ಟ್ರೇಲರ್ ಮತ್ತು ಬಂದೂಕು ನನ್ನ ಪುಸ್ತಕದ ಲೆಕ್ಕಕ್ಕೆ ಅರ್ಧ ಗ್ರಾಂನೊಳಗೆ ಹೊಂದಿದವು, ಟ್ರಕ್ಕಿನ ಭಾಗ ಮಾತ್ರ ಹದಿನೆಂಟು ಗ್ರಾಂನಷ್ಟು ಹಗುರವಾಗಿತ್ತು. ಕ್ಯಾಲಿಪರ್ ಹಿಡಿದು ಅಳೆದಾಗ ಅದರ ಅಗಲವೂ ಕಡಿಮೆ ಬಂದಿತು. ಅಸಲಿ ಟ್ರೇಲರಿಗೆ ನಕಲಿ ಟ್ರಕ್ಕನ್ನು ಸೇರಿಸಿ ಒಂದೇ ಪೆಟ್ಟಿಗೆಯಲ್ಲಿಟ್ಟಿದ್ದರು. ಮಾರುವವರ ಎದುರಿಗೇ ಅಂಕಿಗಳನ್ನು ತೋರಿಸಿ, ಟ್ರೇಲರಿಗೂ ಬಂದೂಕಿಗೂ ಮಾತ್ರ ಕೇಳಿದ್ದರಲ್ಲಿ ಸುಮಾರು ಕಾಲು ಭಾಗ ಕೊಡುತ್ತೇವೆಂದೆವು. ಅರ್ಧ ಗಂಟೆಯ ಮಾತಿನ ನಂತರ ಅವರು ಒಪ್ಪಿದರು. ಗೆಳೆಯರ ಬಳಿ ಮೊದಲೇ ಇದ್ದ ಅಸಲಿ ಟ್ರಕ್ಕಿನ ಹಿಂದೆ ಈಗ ಆ ಟ್ರೇಲರ್ ನಿಂತಿದೆ.