ಚಕ್ರ ಉರುಳಿದರೆ ಮಾತ್ರ ಸಂಬಳ: ಬಜಪೆಯಿಂದ ಹಾರುವ ಗುತ್ತಿಗೆ ಕ್ರೂ ಒಬ್ಬಳ ಅನುಭವ

ಮದುವೆ ಮನೆಗೆ ಹೋದರೆ ಯಾರಾದರೂ ಒಬ್ಬರು ಕೇಳಿಯೇ ಕೇಳುತ್ತಾರೆ, "ತಿಂಗಳಿಗೆ ಎಷ್ಟು ಸಿಗ್ತದೆ ಮಗಾ?" ಆ ತಿಂಗಳ ಕೊನೆಯವರೆಗೆ ನನಗೂ ಗೊತ್ತಿರುವುದಿಲ್ಲ ಅಂದರೆ ಯಾರೂ ನಂಬುವುದಿಲ್ಲ. ನಾನು ಏರ್‌ಲೈನ್‌ನ ಕಾಯಂ ನೌಕರಳಲ್ಲ. ನಿಗದಿತ ಅವಧಿಯ ಗುತ್ತಿಗೆಯಲ್ಲಿ, ಮಂಗಳೂರಿನ ಬಜಪೆ ಏರ್‌ಪೋರ್ಟ್‌ನಿಂದ ಗಲ್ಫ್‌ಗೆ ಹೋಗಿಬರುವ ವಿಮಾನಗಳಲ್ಲಿ ಕ್ಯಾಬಿನ್ ಕ್ರೂ, ಅಂದರೆ ಗಗನಸಖಿ. ತಿಂಗಳಿಗೆ ಒಂದು ಸಣ್ಣ ಸ್ಥಿರ ಮೊತ್ತ ಬರುತ್ತದೆ. ಉಳಿದದ್ದೆಲ್ಲ ಹಾರಿದ ಗಂಟೆಯ ಲೆಕ್ಕ.

ಯಾವ ಗಂಟೆ ಅನ್ನುವುದೇ ಇಲ್ಲಿ ಮುಖ್ಯ. ಬ್ಲಾಕ್ ಟೈಮ್ ಅಂತ ಹೇಳುತ್ತೇವೆ. ವಿಮಾನ ನಿಂತ ಜಾಗದಿಂದ ಅಲುಗಿದಾಗ ಶುರು, ಇಳಿದು ಬಂದು ಮತ್ತೆ ನಿಂತಾಗ ಮುಕ್ತಾಯ. ಅದರ ಆಚೀಚೆ ಮಾಡಿದ್ದೆಲ್ಲ ಲೆಕ್ಕಕ್ಕೆ ಇಲ್ಲ. ಯೂನಿಫಾರ್ಮ್ ಇಸ್ತ್ರಿ, ಕೂದಲು ಕಟ್ಟುವುದು, ಒಂದೂವರೆ ಗಂಟೆ ಮೊದಲು ರಿಪೋರ್ಟ್ ಮಾಡುವುದು, ಬ್ರೀಫಿಂಗ್, ಬೋರ್ಡಿಂಗ್ ಯಾವುದಕ್ಕೂ ಮೀಟರ್ ಓಡುವುದಿಲ್ಲ. ನಿಜ ಹೇಳಬೇಕೆಂದರೆ ಬೋರ್ಡಿಂಗ್ ಇಡೀ ಡ್ಯೂಟಿಯ ಅತಿ ಕಷ್ಟದ ಅರ್ಧ ಗಂಟೆ. 189 ಸೀಟು, ಎಲ್ಲರ ಕೈಯಲ್ಲೂ ಎರಡೆರಡು ಚೀಲ, ಮೇಲಿನ ಬಿನ್‌ನಲ್ಲಿ ಜಾಗ ಇಲ್ಲ. ಬೆವರು ಸುರಿಯುವುದು ಆಗಲೇ, ಸಂಬಳ ಇಲ್ಲದ್ದೂ ಆಗಲೇ. ದುಬೈಗೆ ಹೋಗಿ ಅದೇ ವಿಮಾನದಲ್ಲಿ ವಾಪಸ್ ಬಂದರೆ ಬ್ಲಾಕ್ ಟೈಮ್ ಸುಮಾರು ಏಳೂವರೆ ಗಂಟೆ. ಮನೆ ಬಾಗಿಲಿನಿಂದ ಮನೆ ಬಾಗಿಲಿಗೆ ಲೆಕ್ಕ ಹಾಕಿದರೆ ಹನ್ನೆರಡು ಗಂಟೆಗೂ ಜಾಸ್ತಿ.

ಕೆಲಸಕ್ಕೆ ಸೇರುವ ಬಗ್ಗೆ ಜಾಸ್ತಿ ಹೇಳುವುದಿಲ್ಲ. 18 ವರ್ಷ ಆಗಿರಬೇಕು, ಪಿಯುಸಿ ಪಾಸಾಗಿರಬೇಕು, ಇಂಗ್ಲಿಷ್ ಮತ್ತು ಹಿಂದಿ ಬರಬೇಕು. ಹುಡುಗಿಯರಿಗೆ 155 ಸೆಂ.ಮೀ. ಆಸುಪಾಸು ಎತ್ತರ ಕೇಳುತ್ತಾರೆ. ಅದು ಚಂದಕ್ಕಲ್ಲ, ಮೇಲಿನ ಬಿನ್‌ನಲ್ಲಿರುವ ತುರ್ತು ಸಾಮಾನು ಕೈಗೆ ಸಿಗಬೇಕಲ್ವಾ. ಏವಿಯೇಷನ್ ಡಿಪ್ಲೊಮಾ ಅಂತ ಲಕ್ಷಗಟ್ಟಲೆ ಕಟ್ಟುವವರನ್ನು ನೋಡಿದರೆ ನನಗೆ ಬೇಸರ ಆಗುತ್ತದೆ. ಆಯ್ಕೆಯಾದ ಮೇಲೆ ಏರ್‌ಲೈನ್ ಹೇಗೂ ಮೊದಲಿನಿಂದ ಕಲಿಸುತ್ತದೆ. ನನ್ನ ಬ್ಯಾಚಿನಲ್ಲಿ ಡಿಪ್ಲೊಮಾ ಇದ್ದವರೂ ಇಲ್ಲದವರೂ ಒಂದೇ ಬೆಂಚಿನಲ್ಲಿ ಕೂತಿದ್ದೆವು.

ತರಬೇತಿಯಲ್ಲಿ ಟ್ರೇ ಹಿಡಿಯುವ ಪಾಠ ಸ್ವಲ್ಪ, ಬೆಂಕಿ ಮತ್ತು ನೀರಿನ ಪಾಠ ಜಾಸ್ತಿ. ಹೊಗೆ ತುಂಬಿದ ಕೋಣೆಯೊಳಗೆ ಮುಖವಾಡ ಹಾಕಿಕೊಂಡು ಹೋಗಬೇಕು. ಸ್ಲೈಡ್‌ನಲ್ಲಿ ಜಾರಬೇಕು. ಲೈಫ್ ಜಾಕೆಟ್ ಹಾಕಿ ಈಜುಕೊಳಕ್ಕೆ ಹಾರಿ ರಾಫ್ಟ್ ಹತ್ತಬೇಕು. ನಾನು ಕಾಪು ಕಡಲ ಬದಿಯಲ್ಲಿ ಬೆಳೆದವಳು, ಈಜು ಮಾತ್ರ ಬರುತ್ತಿರಲಿಲ್ಲ. ಕಡಲಿಗೆ ಇಳಿಯಬೇಡ ಅಂತ ಬೈಸಿಕೊಂಡೇ ದೊಡ್ಡವರಾದ ಮಕ್ಕಳು ನಮ್ಮ ಕಡೆ ಬಹಳ ಇದ್ದಾರೆ. ಬಯಲುಸೀಮೆಯ ಹುಡುಗಿಯೊಬ್ಬಳು ನನಗೆ ಕೈಕಾಲು ಬಡಿಯುವುದನ್ನು ಹೇಳಿಕೊಟ್ಟಳು.

ಒಂದು ಮಾತು ಮಾತ್ರ ಗಟ್ಟಿಯಾಗಿ ಹೇಳುತ್ತೇನೆ. ಹೆಸರು ಎಲ್ಲ ಕಾಗದದಲ್ಲೂ ಒಂದೇ ರೀತಿ ಇರಲಿ. ನಮ್ಮ ಕಡೆ ಮಾರ್ಕ್ಸ್ ಕಾರ್ಡಿನಲ್ಲಿ ಬರೀ ಇನಿಷಿಯಲ್, ಆಧಾರ್‌ನಲ್ಲಿ ಶೆಟ್ಟಿ ಅಥವಾ ಪೂಜಾರಿ, ಪಾಸ್‌ಪೋರ್ಟ್‌ನಲ್ಲಿ ಅಪ್ಪನ ಪೂರ್ತಿ ಹೆಸರು. ಏರ್‌ಪೋರ್ಟ್ ಪಾಸ್‌ಗೆ ಪೊಲೀಸ್ ಪರಿಶೀಲನೆ ಆಗಲೇಬೇಕು. ಅಲ್ಲಿ ಹೆಸರು ಹೊಂದದಿದ್ದರೆ ಕಡತ ಕೂತುಬಿಡುತ್ತದೆ. ಪಾಸ್ ಇಲ್ಲದೆ ಹಾರುವಂತಿಲ್ಲ, ಹಾರದೆ ಗಂಟೆ ಇಲ್ಲ.

ಇನ್ನು ಸ್ಟ್ಯಾಂಡ್‌ಬೈ. ರೋಸ್ಟರ್ ಅನ್ನುವ ಡ್ಯೂಟಿ ಪಟ್ಟಿಯಲ್ಲಿ ಆ ದಿನ ವಿಮಾನ ಇರುವುದಿಲ್ಲ, ಆದರೆ ಕರೆದರೆ ಹೊರಡಬೇಕು. ಫೋನ್ ಹಿಡಿದುಕೊಂಡೇ ಸ್ನಾನಕ್ಕೆ ಹೋಗುವ ದಿನಗಳು ಅವು. ಮೊದಮೊದಲು ಮನೆಯಿಂದಲೇ ನಿಭಾಯಿಸಬಹುದು ಅಂತ ಅಮ್ಮ ಹೇಳುತ್ತಿದ್ದರು. ಹಗಲಾದರೆ ಮೂಲ್ಕಿ, ಕಿನ್ನಿಗೋಳಿ, ಕಟೀಲು ದಾಟಿ ಬಜಪೆಗೆ ಹೇಗಾದರೂ ಮುಟ್ಟಬಹುದು. ರಾತ್ರಿ ಎರಡು ಗಂಟೆಗೆ ಯಾವ ಬಸ್ಸು? ಹಾಗಾಗಿ ಏರ್‌ಪೋರ್ಟ್‌ಗೆ ಹತ್ತಿರದ ಕಾವೂರಿನಲ್ಲಿ ಇನ್ನಿಬ್ಬರು ಕ್ರೂ ಜೊತೆ ಮನೆ ಮಾಡಿದೆ. ಹುಡುಗಿಯರು ಅಪರಾತ್ರಿ ಮೇಕಪ್ ಮಾಡಿಕೊಂಡು ಕಾರು ಹತ್ತುವುದು ನೋಡಿ ಓನರ್ ಆಂಟಿ ಒಂದು ವಾರ ಮಾತಾಡಲಿಲ್ಲ. ಆಮೇಲೆ ಅವರ ಮಗನೇ ಬಹ್ರೈನ್‌ನಿಂದ ನಮ್ಮ ವಿಮಾನದಲ್ಲಿ ಬಂದ. ಈಗ ನಾವು ಬರುವಾಗ ಗೇಟ್ ತೆರೆದಿಟ್ಟಿರುತ್ತಾರೆ. ಬಾಡಿಗೆ, ದಿನಸಿ ಎರಡನ್ನೂ ಸ್ಥಿರ ಮೊತ್ತದೊಳಗೇ ಮುಗಿಸಬೇಕು ಅಂತ ನಾನು ಹಾಕಿಕೊಂಡ ನಿಯಮ. ಗಂಟೆಯ ದುಡ್ಡು ಬಂದರೆ ಅದು ಉಳಿತಾಯ. ಇದನ್ನು ಪಾಲಿಸದ ಗೆಳತಿಯರು ವಿಮಾನ ಕಮ್ಮಿಯಾದ ತಿಂಗಳಲ್ಲಿ ಚಿನ್ನ ಅಡವಿಟ್ಟದ್ದನ್ನು ಕಂಡಿದ್ದೇನೆ.

ಗಂಟೆ ಸಿಗುವುದು ಊರಿಗೆ ಊರೇ ಹಬ್ಬದಲ್ಲಿರುವಾಗ. ಈದ್, ಕ್ರಿಸ್‌ಮಸ್, ಗಲ್ಫಿನ ಶಾಲೆಗಳಿಗೆ ರಜೆ ಇರುವ ಜುಲೈ, ಆಗಸ್ಟ್. ಅಷ್ಟಮಿಗೆ ಉಡುಪಿಯಲ್ಲಿ ಹುಲಿವೇಷ ನೋಡದೆ ಎಷ್ಟೋ ಕಾಲ ಆಯಿತು. ಕಾಯಂ ಇರುವವರು ರಜೆ ಹಾಕುತ್ತಾರೆ, ಆ ಜಾಗಕ್ಕೆ ನಮ್ಮ ಹೆಸರು ಬರುತ್ತದೆ. ಅದಕ್ಕೆ ದೂರುವುದಿಲ್ಲ, ನನಗೆ ಆ ಗಂಟೆಗಳು ಬೇಕು.

ಆದರೆ ಜುಲೈ ಅಂದರೆ ಮಳೆ. ಮಂಗಳೂರು ಮಳೆಯಲ್ಲಿ ಇಳಿಯುವುದು ಅಂದರೆ ಏನು ಅಂತ ಇಲ್ಲಿ ಕೆಲಸ ಮಾಡಿದವರಿಗೇ ಗೊತ್ತು. ಗುಡ್ಡದ ತಲೆ ಸಮತಟ್ಟು ಮಾಡಿ ಕಟ್ಟಿದ 2,450 ಮೀಟರ್ ರನ್‌ವೇ. ಅದರಾಚೆ ಕಮರಿ. 2010ರ ಮೇ 22ರಂದು ದುಬೈಯಿಂದ ಬಂದ ವಿಮಾನ ರನ್‌ವೇ ದಾಟಿ ಕೆಳಗೆ ಬಿತ್ತು. 166 ಜನರಲ್ಲಿ 158 ಮಂದಿ ತೀರಿಕೊಂಡರು. ಉಳಿದದ್ದು 8 ಪ್ರಯಾಣಿಕರು. ಸಿಬ್ಬಂದಿ ಆರು ಜನರಲ್ಲಿ ಒಬ್ಬರೂ ಉಳಿಯಲಿಲ್ಲ. ಅದು ನಾನು ಹಾರುವ ದಾರಿ, ನಾನು ಹಾರುವ ಬೋಯಿಂಗ್ 737-800 ಜಾತಿಯದೇ ವಿಮಾನ. ಬದುಕಿದವರಲ್ಲಿ ಕೆಲವರು ಹೊರಗೆ ಬಂದದ್ದು ವಿಮಾನದ ಒಡಲು ಬಿರಿದ ಜಾಗದಿಂದ. ಹಾಗಾಗಿ ಇಳಿಯುವಾಗ ನನ್ನ ಕಣ್ಣು ಬಾಗಿಲ ಮೇಲಷ್ಟೇ ಇರುವುದಿಲ್ಲ.

ನಮಗೆ ಅತಿ ಎಚ್ಚರದ ಹೊತ್ತು ಅಂದರೆ ಹೊರಟ ಮೊದಲ 3 ನಿಮಿಷ, ಇಳಿಯುವ ಮುಂಚಿನ 8 ನಿಮಿಷ. ಆಗ ನಾವು ಜಂಪ್ ಸೀಟಿನಲ್ಲಿ, ಅಂದರೆ ಕ್ರೂಗೆಂದೇ ಇರುವ ಮಡಚುವ ಸೀಟಿನಲ್ಲಿ, ಬೆಲ್ಟ್ ಬಿಗಿದು ಸುಮ್ನೆ ಕೂತಿದ್ದೇವೆ ಅನ್ನಿಸುತ್ತದೆ. ಒಳಗೊಳಗೇ ಪಾಠ ಒಪ್ಪಿಸುತ್ತಿರುತ್ತೇವೆ. ನನ್ನ ಬಾಗಿಲು ಯಾವುದು, ಯಾವ ಆಜ್ಞೆ ಕೂಗಬೇಕು, ಮೂರನೇ ಸಾಲಿನ ಗಟ್ಟಿ ಹುಡುಗ ಸಹಾಯಕ್ಕೆ ಬಂದಾನೇ, ಹಿಂದಿನ ಸಾಲಿನ ಅಜ್ಜಿಯನ್ನು ಯಾರು ಎತ್ತುತ್ತಾರೆ, ಬಾಗಿಲು ತೆರೆಯುವ ಮೊದಲು ಕಿಟಕಿಯಲ್ಲಿ ಬೆಂಕಿ ಕಾಣುತ್ತದೆಯೇ. ಈ ಜಾತಿಯ ವಿಮಾನಕ್ಕೆ ಅನುಮತಿ ಸಿಗಬೇಕಾದರೆ ಅರ್ಧದಷ್ಟು ಬಾಗಿಲು ಮಾತ್ರ ಬಳಸಿ 90 ಸೆಕೆಂಡಿನಲ್ಲಿ ಎಲ್ಲರನ್ನೂ ಇಳಿಸಿ ತೋರಿಸಬೇಕು. 50 ಸೀಟಿಗೆ ಒಬ್ಬರಂತೆ ನಾವು ನಾಲ್ವರು ಇರುವುದು ಅದಕ್ಕೇ, ಚಹಾ ಕೊಡಲಿಕ್ಕೆ ಅಲ್ಲ.

ರನ್‌ವೇ ಕಾಣದಿದ್ದರೆ ಕ್ಯಾಪ್ಟನ್ ಮತ್ತೆ ಮೇಲೆ ಏರಿಸುತ್ತಾರೆ. ಅಪಾಯ ತಪ್ಪಿಸುವ ಕ್ರಮ ಅದು. ಜನ ಮಾತ್ರ ಆಗಲೇ ದೇವರನ್ನು ಕರೆಯಲು ಶುರುಮಾಡುತ್ತಾರೆ. ಆಮೇಲೆ ಬೆಂಗಳೂರೋ ಕೊಚ್ಚಿಯೋ. ಅಲ್ಲಿ ಇಳಿದು ವಿಮಾನದೊಳಗೇ ಕಾಯಬೇಕು. ಊಟ ಮುಗಿದಿರುತ್ತದೆ. ಎರಡು ವರ್ಷದ ಮೇಲೆ ಮನೆಗೆ ಬರುತ್ತಿರುವ ಮನುಷ್ಯ, ಹೊರಗೆ ಮಕ್ಕಳು ಕಾಯುತ್ತಿದ್ದಾರೆ. ಇಂಗ್ಲಿಷ್ ಅನೌನ್ಸ್‌ಮೆಂಟ್ ಅವರ ಸಿಟ್ಟನ್ನು ಹೆಚ್ಚಿಸುತ್ತದೆ ಅಷ್ಟೇ. ಸಾಲು ಸಾಲಿಗೆ ನಡೆದು, "ಅಣ್ಣೆರೆ, ಬರ್ಸ ಕಮ್ಮಿ ಆಯಿ ಬೊಕ್ಕ ಪೋಪ" (ಅಣ್ಣ, ಮಳೆ ಕಮ್ಮಿಯಾದ ಮೇಲೆ ಹೋಗುವುದು) ಅಂತ ತುಳುವಿನಲ್ಲಿ ಅಂದರೆ ಅರ್ಧ ಗಲಾಟೆ ಇಳಿಯುತ್ತದೆ. ನನ್ನ ಜೊತೆಯ ಹುಡುಗಿಗೆ ಬ್ಯಾರಿ, ಮಲಯಾಳಂ ಎರಡೂ ಬರುತ್ತದೆ, ಉಳಿದ ಅರ್ಧ ಅವಳ ಪಾಲು. ನಮಗೆ ಅಲ್ಲಿ ನಿಂತ ಹೊತ್ತಿಗೆ ದುಡ್ಡಿಲ್ಲ. ಡ್ಯೂಟಿ ಗಡಿಯಾರ ಮಾತ್ರ ಓಡುತ್ತಲೇ ಇರುತ್ತದೆ. ಒಂದು ಡ್ಯೂಟಿ ಇಷ್ಟೇ ಹೊತ್ತು ಅನ್ನುವ ಮಿತಿ ಮುಟ್ಟಿದರೆ ನಾವು ಹಾರುವಂತಿಲ್ಲ, ಬೇರೆ ಕ್ರೂ ಬರಬೇಕು. ಇದನ್ನು ಪ್ರಯಾಣಿಕರಿಗೆ ವಿವರಿಸುವಷ್ಟು ಕಷ್ಟದ ಕೆಲಸ ಇನ್ನೊಂದಿಲ್ಲ.

ಆರೋಗ್ಯದ ವಿಷಯದಲ್ಲಿ ಗುತ್ತಿಗೆಯವರಿಗೆ ಆಸೆ ಕಾಡುತ್ತದೆ. ನೆಗಡಿಯಾಗಿ ಕಿವಿ ಕಟ್ಟಿದಾಗ ಹಾರಿದರೆ ತಮಟೆಗೇ ಪೆಟ್ಟು. ಮನೆಯಲ್ಲಿ ಕೂತರೆ ಗಂಟೆ ಹೋಯಿತು. ನಾನು ಕೂರುತ್ತೇನೆ. ಒಂದು ಟ್ರಿಪ್ ಉಳಿಸಲು ಹೋಗಿ ಒಂದು ತಿಂಗಳು ಕಳೆದುಕೊಂಡವರಿದ್ದಾರೆ. ಹಾರಾಟಕ್ಕೆ 12 ಗಂಟೆ ಮೊದಲಿನಿಂದ ಮದ್ಯ ಮುಟ್ಟುವಂತಿಲ್ಲ ಅನ್ನುವುದು ವಿಮಾನಯಾನವನ್ನು ನಿಯಂತ್ರಿಸುವ ಸರ್ಕಾರಿ ಸಂಸ್ಥೆ ಡಿಜಿಸಿಎಯ ನಿಯಮ. ಮದ್ಯದ ಅಂಶ ಇರುವ ಮೌತ್‌ವಾಶ್, ಔಷಧಿಯೂ ಇಲ್ಲ. ಮೊದಲ ಸಲ ಸಿಕ್ಕಿಬಿದ್ದರೂ ಮೂರು ತಿಂಗಳು ಕೆಲಸದಿಂದ ಹೊರಗೆ. ಮೈಕೈ ನೋವು ಅಂದ ಕೂಡಲೇ ಅಮ್ಮ ದಶಮೂಲಾರಿಷ್ಟದ ಬಾಟಲಿ ತೆಗೆಯುತ್ತಿದ್ದರು. ಅರಿಷ್ಟ ಅಂದರೆ ಹುಳಿ ಬರಿಸಿ ಮಾಡಿದ್ದು, ಅದರಲ್ಲಿ ಮದ್ಯಸಾರ ಇದ್ದೇ ಇರುತ್ತದೆ. ಈಗ ಆ ಬಾಟಲಿ ಅಪ್ಪನ ಪಾಲಿಗೆ.

ಸೇರಬೇಕು ಅಂತ ಫೋನ್ ಮಾಡುವ ಹುಡುಗಿಯರಿಗೆ ನಾನು ಬೇಡ ಅನ್ನುವುದಿಲ್ಲ. ಸಹಿ ಹಾಕುವ ಮೊದಲು ಕೇಳಿ ಅನ್ನುತ್ತೇನೆ. ತಿಂಗಳಿಗೆ ಕನಿಷ್ಠ ಇಷ್ಟು ಗಂಟೆಯ ದುಡ್ಡು ಕೊಟ್ಟೇ ಕೊಡುತ್ತೇವೆ ಅಂತ ಬರೆದಿದೆಯೇ, ಸ್ಟ್ಯಾಂಡ್‌ಬೈಗೆ ಏನಾದರೂ ಇದೆಯೇ, ಕಾಯಿಲೆ ರಜೆ ಹೇಗೆ, ಅವಧಿ ಮುಗಿದ ಮೇಲೆ ಮುಂದುವರಿಸುವುದು ಯಾರ ಕೈಯಲ್ಲಿ. ಪ್ರತಿ ಹಾರಾಟದ ಬ್ಲಾಕ್ ಟೈಮ್ ಒಂದು ನೋಟ್‌ಬುಕ್‌ನಲ್ಲಿ ಬರೆದಿಡಿ, ಸಂಬಳ ಚೀಟಿ ಬಂದಾಗ ತಾಳೆ ನೋಡಿ. ಎರಡು ಸಲ ನನ್ನ ನೋಟ್‌ಬುಕ್ಕೇ ಸರಿ ಅಂತ ಆಗಿ, ಬಿಟ್ಟುಹೋದ ಗಂಟೆಗಳು ಮುಂದಿನ ತಿಂಗಳು ಜಮೆ ಆದವು. ಮಧ್ಯದಲ್ಲಿ ಬಿಟ್ಟರೆ ತರಬೇತಿ ಖರ್ಚು ಎಷ್ಟು ವಾಪಸ್ ಕಟ್ಟಬೇಕು ಅನ್ನುವ ಪುಟವನ್ನಂತೂ ಒಬ್ಬರೇ ಓದಬೇಡಿ. ನಾನು ನಮ್ಮೂರಿನ ವಕೀಲರೊಬ್ಬರಿಗೆ ತೋರಿಸಿದೆ. ಫೀಸ್ ಬೇಡ ಅಂದರು, ಬರುವಾಗ ಒಳ್ಳೆಯ ಖರ್ಜೂರ ತಾ ಅಂದರು. ಅದನ್ನು ತಂದುಕೊಟ್ಟಿದ್ದೇನೆ.